ಒಂದೇ ಸಾಲಿಗೆ ಇಪ್ಪತ್ತು ಹೆಣ

ಜುಲೈ ತಿಂಗಳ ಒಂದು ಮಂಗಳವಾರ, ಬೆಳಗಿನ ಎಂಟು ಗಂಟೆಗೆ ಸರಿಯಾಗಿ, ನಿವೃತ್ತ ಅಂಚೆ ಗುಮಾಸ್ತ ಲಯನಲ್ ಪೆಂಗೆಲಿ ತನ್ನ ಊರಿನ ಇಪ್ಪತ್ತು ಮಂದಿಯನ್ನು ಒಂದೇ ಏಟಿಗೆ ಕೊಂದನು. ಕೊಂದದ್ದು ಅವನಿಗೆ ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ಅವನು ಸೀದ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಇಂಥದೊಂದು ಕೆಲಸವನ್ನು ಟಾಸ್ಮೇನಿಯಾದ ಪಶ್ಚಿಮ ಕರಾವಳಿಯಲ್ಲಿ ಈವರೆಗೆ ಯಾರೂ ಮಾಡಿಲ್ಲವೆಂದು ಹೆಂಡತಿ ಡೋರೀನಳಿಗೆ ವಿವರಿಸುತ್ತಿದ್ದನು. ಆ ಮಾತು ನಿಜವೇ ಆಗಿತ್ತು. ಸತ್ತ ಇಪ್ಪತ್ತು ಮಂದಿಯಲ್ಲಿ ಅವನೂ ಒಬ್ಬನಾಗಿದ್ದನು.

ಬಳಸಿದ ಆಯುಧ ಕಂಪ್ಯೂಟರ್ ಕೋಡಿನ ಒಂದು ಸಾಲು. ಅದು ಅವನ ಕೈಗೆ ಹೇಗೆ ಬಂತೆಂದು ತಿಳಿಯಬೇಕಾದರೆ ಮೂರು ವಾರ ಹಿಂದಕ್ಕೆ ಹೋಗಬೇಕು.

ಹ್ಯಾಡ್ಲೋ ಬೇಯಲ್ಲಿ ತವರದ ಗಣಿ ಮುಚ್ಚಿತ್ತು, ಮೀನಿನ ಕಾರ್ಖಾನೆ ಮುಚ್ಚಿತ್ತು, ಸಿನಿಮಾ ಮಂದಿರ ಮುಚ್ಚಿತ್ತು. ಮುಚ್ಚದೆ ಉಳಿದದ್ದು ಎರಡೇ: ಸ್ಮಶಾನ ಮತ್ತು ಬೌಲ್ಸ್ ಕ್ಲಬ್ಬು. ಚಾಪೆಯಂತೆ ಕತ್ತರಿಸಿದ ಹುಲ್ಲಿನ ಮೇಲೆ ಮಂಡಿ ಬಗ್ಗಿಸಿ ಭಾರದ ಗುಂಡನ್ನು ಉರುಳಿಸುವುದು, ಅದು ಎಲ್ಲಿಗೋ ಹೋಗಿ ನಿಂತಾಗ ಗಾಳಿಯನ್ನು ಬೈಯುವುದು, ಆಮೇಲೆ ಒಳಗೆ ಹೋಗಿ ಟೀ ಕುಡಿಯುವುದು; ಇದಿಷ್ಟು ಅಲ್ಲಿನ ಕಾರ್ಯಕಲಾಪ. ಈ ಹುಲ್ಲಿನ ಜಾಗ ಪುರಸಭೆಗೆ ಸೇರಿದ್ದು. ಗುತ್ತಿಗೆಯನ್ನು ಮುಂದುವರಿಸುವ ಬಗ್ಗೆ ಪುರಸಭೆಯಿಂದ ಒಂದು ಕಾಗದ ಬಂತು. ಮೇ ಮೂವತ್ತೊಂದರೊಳಗೆ ಸೇರಿದ ಸದಸ್ಯರ ಪೈಕಿ ಕನಿಷ್ಠ ಇಪ್ಪತ್ತು ಮಂದಿ ಪರಿಶೀಲನೆಯ ಹೊತ್ತಿನಲ್ಲಿ ಜೀವಂತವಾಗಿರತಕ್ಕದ್ದು. ಅವರ ಹೆಸರು ಮತ್ತು ಭಾವಚಿತ್ರಗಳನ್ನು ಸಾರ್ವಜನಿಕರು ನೋಡಬಹುದಾದ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು. ತಪ್ಪಿದಲ್ಲಿ ಹುಲ್ಲಿನ ಮೇಲೆ ಜಲ್ಲಿ ಸುರಿದು ಪ್ರವಾಸಿಗರ ಗಾಡಿಗಳಿಗೆ ನಿಲ್ದಾಣ ಮಾಡಲಾಗುವುದು. ಪರಿಶೀಲನೆ: ಜುಲೈ ಎರಡನೆಯ ಗುರುವಾರ, ಸಂಜೆ ನಾಲ್ಕು ಗಂಟೆ.

ಕ್ಲಬ್ಬಿನಲ್ಲಿ ಸದಸ್ಯರಿದ್ದದ್ದು ಸರಿಯಾಗಿ ಇಪ್ಪತ್ತು. ಅದೂ ಮರ್ವ್ ಸ್ಕಾಟನ್‌ನನ್ನು ಸೇರಿಸಿಕೊಂಡು. ಮರ್ವ್ ಲಯನಲ್‌ನ ಬಾಲ್ಯದ ಗೆಳೆಯ. ಮೂವತ್ತೊಂದು ವರ್ಷ ಆ ಹುಲ್ಲನ್ನು ಮಗುವಿನ ತಲೆಗೂದಲಿನಂತೆ ಕತ್ತರಿಸಿ, ನೀರುಣಿಸಿ ಸಾಕಿದವನು. ಗಣಿಯ ಧೂಳು ಅವನ ಶ್ವಾಸಕೋಶದಲ್ಲಿ ಉಳಿದುಹೋಗಿ, ಈಗ ಊರಿನ ಸಣ್ಣ ಆಸ್ಪತ್ರೆಯಲ್ಲಿ ಮಲಗಿದ್ದನು. ನೋಡಲು ಹೋದವರು ಅವನ ಆರೋಗ್ಯ ವಿಚಾರಿಸುವ ಮೊದಲೇ ಅವನು ಹುಲ್ಲಿನ ಆರೋಗ್ಯ ವಿಚಾರಿಸುತ್ತಿದ್ದನು.

ಅಂದಿನ ಸಭೆಯಲ್ಲಿ ಅಧ್ಯಕ್ಷೆ ನೋರ್ಮಾ ಹ್ಯಾಗರ್ಟಿ ಕಾಗದವನ್ನು ಓದಿ ಮುಗಿಸಿ, "ಹೋಬರ್ಟಿನಿಂದ ಯಾರನ್ನಾದ್ರೂ ಕರೆಸೋಣ. ಈ ವೆಬ್‌ಸೈಟ್ ವಿದ್ಯೆ ನಮ್ಮಲ್ಲಿ ಯಾರಿಗಿದೆ?" ಎಂದಳು.

ಲಯನಲ್ ಗಂಟಲು ಸರಿಪಡಿಸಿಕೊಂಡು ಎದ್ದು ನಿಂತನು. "ಯಾಕೆ ನೋರ್ಮಾ ಅವ್ರೇ, ನಾನಿಲ್ವಾ?"

"ನೀನಿದ್ದೀಯ, ಅದೇ ನಮ್ಮ ಭಯ," ಎಂದನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಐವರ್ ಲ್ಯಾಚ್‌ಫರ್ಡ್. "ಟೋಸ್ಟರ್ ರಿಪೇರಿಗೆ ಕೊಟ್ಟಿದ್ದಕ್ಕೆ ನನ್ನ ಅಡುಗೆಮನೆ ಗೋಡೆ ಹೋಯ್ತು."

"ಅದು ಕರೆಂಟು, ಐವರ್. ಇದು ಕಲೆ."

ಕಲೆಯೊಂದಿಗೆ ಲಯನಲ್‌ಗಿದ್ದ ಸಂಬಂಧ ಹೀಗಿತ್ತು. ಊರಿನ ಗ್ರಂಥಾಲಯ ಜಾಲತಾಣ ವಿನ್ಯಾಸದ ಬಗ್ಗೆ ನಾಲ್ಕು ವಾರಗಳ ಉಚಿತ ತರಗತಿ ನಡೆಸಿತ್ತು. ಮೊದಲನೆಯ ವಾರ ಅವನು ಹೋದನು. ಎರಡನೆಯ ವಾರ ಶೀತವಾಯಿತು. ಮೂರನೆಯ ವಾರ ಬಿಸ್ಕತ್ತು ಇಲ್ಲವೆಂದು ತಿಳಿದು ಬಾಗಿಲಿನಿಂದಲೇ ಮರಳಿದನು. ನಾಲ್ಕನೆಯ ವಾರ ಪ್ರಮಾಣಪತ್ರ ಪಡೆದನು. ಅಂದಿನಿಂದ ಅವನಿಗೆ ಸಂಗ್ರಹದ ಹುಚ್ಚು ಹಿಡಿಯಿತು. ಬಣ್ಣಕ್ಕೆ ಬಣ್ಣ ಹೊಂದಿಸಿಕೊಡುವ ತಾಣಗಳು, ಉಚಿತ ಫಾಂಟುಗಳ ಉಗ್ರಾಣಗಳು, ಸಿದ್ಧ ಟೆಂಪ್ಲೇಟುಗಳು, ಒತ್ತಿದರೆ ನಡುಗುವ ಗುಂಡಿಗಳು, ನೆರಳು ಬೀಳಿಸುವ ಉಪಾಯಗಳು, 'ವಿನ್ಯಾಸಕಾರರು ಮಾಡುವ ಹನ್ನೆರಡು ತಪ್ಪುಗಳು'. ಹೀಗೆ ಇನ್ನೂರ ಹದಿನಾಲ್ಕು ಉಪಯುಕ್ತ ಪುಟಗಳನ್ನು ಅವನು ತನ್ನ ಕಂಪ್ಯೂಟರಿನಲ್ಲಿ ಗುರುತಿಟ್ಟುಕೊಂಡಿದ್ದನು. ಗುರುತಿಡುವುದೇ ಓದಿದಂತೆ ಎಂಬುದು ಅವನ ನಂಬಿಕೆ. ಇನ್ನೂರ ಹದಿಮೂರನೆಯ ಪುಟದ ಶೀರ್ಷಿಕೆ 'ನಿಮ್ಮ ತಾಣವನ್ನು ಮೊದಲು ಫೋನಿನಲ್ಲಿ ನೋಡಿ, ಆಮೇಲೆ ಲೋಕಕ್ಕೆ ತೋರಿಸಿ' ಎಂದಿತ್ತು. ಅದರ ಮುಂದೆ ಅವನು 'ಬಿಡುವಾದಾಗ' ಎಂದು ಬರೆದುಕೊಂಡಿದ್ದನು. ಅವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದರ ಸಂಖ್ಯೆ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಡೋರೀನಳಿಗೆ ಮತ್ತು ಮರ್ವ್‌ನ ಹೆಂಡತಿ ಬೆರಿಲಳಿಗೆ.

ಮೂರು ವಾರ ಅವನು ಮೇಜು ಬಿಟ್ಟೇಳಲಿಲ್ಲ. ಊಟಕ್ಕೆ ಕರೆದರೆ, "ಖಾಲಿ ಜಾಗಕ್ಕೂ ಒಂದು ಅರ್ಥ ಇದೆ ಡೋರೀನ್," ಎನ್ನುತ್ತಿದ್ದನು.

"ನಿಮ್ಮ ತಟ್ಟೆಯ ಖಾಲಿ ಜಾಗಕ್ಕೂ ಇರುತ್ತೆ, ಬನ್ನಿ," ಎನ್ನುತ್ತಿದ್ದಳು ಅವಳು. ಬೌಲ್ಸ್ ಆಟ ಹುಚ್ಚರದೆಂದು ಅವಳು ಆ ಕ್ಲಬ್ಬನ್ನು ಸೇರಿರಲಿಲ್ಲ.

ಕೊನೆಯ ದಿನ ಸದಸ್ಯರ ಭಾವಚಿತ್ರಗಳ ಪುಟ ಮಾತ್ರ ಬಾಕಿಯಿತ್ತು. ಆಗ ಎಪ್ಪತ್ತಾರನೆಯ ಗುರುತಿನಲ್ಲಿ ಅವನಿಗೆ ಒಂದು ಅದ್ಭುತ ಕಂಡಿತು. ಪರದೆಯ ತುಂಬ ಕಪ್ಪು-ಬಿಳುಪು ಮುಖಗಳು. ಮೌಸಿನ ಬಾಣ ಒಂದು ಮುಖದ ಮೇಲೆ ಹೋದೊಡನೆ ಅದಕ್ಕೆ ಮೆಲ್ಲನೆ ಬಣ್ಣ ಏರುತ್ತದೆ: ತುಟಿ ಕೆಂಪಾಗುತ್ತದೆ, ಕಣ್ಣು ನೀಲಿಯಾಗುತ್ತದೆ, ಮನುಷ್ಯ ಈಗಷ್ಟೇ ನಿದ್ದೆಯಿಂದ ಎದ್ದಂತಾಗುತ್ತದೆ. ಲಯನಲ್‌ನ ಕಣ್ಣು ತುಂಬಿ ಬಂತು. ಹಾಗೆ ಮಾಡಿಸುವ ಕೋಡಿನ ಸಾಲನ್ನು ನಕಲು ಮಾಡಿ ತನ್ನ ಪುಟಕ್ಕೆ ಅಂಟಿಸಿದನು.

ಇಲ್ಲಿ ಹ್ಯಾಡ್ಲೋ ಬೇಯ ಒಂದು ಪದ್ಧತಿಯನ್ನು ಹೇಳಬೇಕು. ಕ್ಲಬ್ಬಿನ ಟೀ ಹಂಡೆಯ ಪಕ್ಕದ ಹಲಗೆಯ ಮೇಲೆ ಸದಸ್ಯರ ಬಣ್ಣದ ಭಾವಚಿತ್ರಗಳಿರುತ್ತವೆ. ಒಬ್ಬರು ತೀರಿಕೊಂಡರೆ, ಅವರ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ಮುದ್ರಿಸಿ, ಚೌಕಟ್ಟು ಹಾಕಿ, ಉತ್ತರದ ಗೋಡೆಗೆ ತೂಗುಹಾಕುತ್ತಾರೆ. ಐವತ್ತು ವರ್ಷಗಳಿಂದ ನಡೆದುಬಂದ ಪದ್ಧತಿ. ಆ ಊರಿನಲ್ಲಿ ಕಪ್ಪು-ಬಿಳುಪಾದವರು ಯಾರೂ ಉಸಿರಾಡುವುದಿಲ್ಲ. ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಲಯನಲ್‌ಗೂ ಗೊತ್ತಿತ್ತು. ಆದರೆ ಬಣ್ಣ ಬರುವ ಗಳಿಗೆಯನ್ನೇ ನೋಡುತ್ತಿದ್ದವನಿಗೆ ಬಣ್ಣವಿಲ್ಲದ ಗಳಿಗೆ ಕಾಣಲಿಲ್ಲ.

ಎಂಟು ಗಂಟೆಗೆ ಜಾಲತಾಣ ಲೋಕಾರ್ಪಣೆಯಾಯಿತು. ಎಂಟೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಗ್ಲೆನಿಸ್ ಪರ್ಡ್ಯೂ ಬಿಸಿಯಾದ ಸ್ಕ್ಯಾಲಪ್ ಚಿಪ್ಪುಮೀನಿನ ಪೈ ಹಿಡಿದು, ತಲೆ ತಗ್ಗಿಸಿ, ಮೂಗೊರೆಸಿಕೊಳ್ಳುತ್ತ ನಿಂತಿದ್ದಳು.

"ಧೈರ್ಯ ತಂದ್ಕೋ ಡೋರೀನ್. ಎಂಥ ಒಳ್ಳೆ ಮನುಷ್ಯ, ಒಂದಿನಾನೂ ಜೋರಾಗಿ…" ಎನ್ನುತ್ತ ತಲೆಯೆತ್ತಿದವಳು ಚೀರಿದಳು. "ನೀನಾ!"

"ನಾನೇ. ಯಾಕೆ?" ಎಂದನು ಲಯನಲ್.

"ನೀನು ಹೋಗ್ಬಿಟ್ಟೆ ಅಂತ ಪೈ ತಂದೆ!"

"ಎಲ್ಲಿಗೆ ಹೋದೆ?"

"ಅದನ್ನ ಪಾದ್ರಿಗಳು ಹೇಳ್ಬೇಕು, ನಾನು ಹೇಳೋಕಾಗುತ್ತಾ?"

ಅವಳು ಫೋನು ಮುಂದೆ ಚಾಚಿದಳು. ಅದನ್ನು ನೋಡುವ ಗೋಜಿಗೇ ಹೋಗದೆ ಲಯನಲ್ ಅವಳ ತೋಳು ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿ, ಬಾಣವನ್ನು ತನ್ನ ಮುಖದ ಮೇಲೆ ತಂದನು. ಕೆನ್ನೆಗಳಿಗೆ ಬಣ್ಣ ಏರಿತು.

"ಬಂತು, ಜೀವ ಬಂತು!" ಎಂದಳು ಗ್ಲೆನಿಸ್. ಬಾಣ ಸರಿಯಿತು. "ಅಯ್ಯೋ, ಮತ್ತೆ ಹೋಯ್ತಲ್ಲ!"

"ಹೋಗಿಲ್ಲ ಗ್ಲೆನಿಸ್. ಇದಕ್ಕೆ ವಿನ್ಯಾಸ ಅಂತಾರೆ. ನಿನ್ನ ಫೋನಿನಲ್ಲಿ ಹಳೇದೆಲ್ಲ ಕಟ್ಟಿಕೊಂಡಿದೆ, ಅದಕ್ಕೇ ಬಣ್ಣ ಬರ್ತಿಲ್ಲ. ಎಲ್ಲ ಅಳಿಸಿ ಮತ್ತೆ ತೆಗೆದು ನೋಡು."

ಗ್ಲೆನಿಸ್ ಪೈಯನ್ನು ಮರಳಿ ಒಯ್ಯಲು ಎತ್ತಿಕೊಂಡಾಗ ಡೋರೀನ್ ಅದನ್ನು ಮೆಲ್ಲನೆ ಅವಳ ಕೈಯಿಂದ ತೆಗೆದುಕೊಂಡಳು. "ಇರಲಿ ಬಿಡು. ಊರವರು ಇವರನ್ನ ಹಿಡಿದ ಮೇಲೆ ಹೇಗೂ ಬೇಕಾಗುತ್ತೆ."

'ಎಲ್ಲ ಅಳಿಸಿ' ಎಂಬ ತಜ್ಞ ಸಲಹೆ ಗ್ಲೆನಿಸಳ ಬಾಯಿಂದ ಒಂದು ಗಂಟೆಯೊಳಗೆ ಊರೆಲ್ಲ ಹರಡಿತು. ಹ್ಯಾಡ್ಲೋ ಬೇಯ ಹಿರಿಯರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಐವರ್ ತನ್ನ ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ದೃಶ್ಯವನ್ನು ಅಳಿಸಿದನು. ನೋರ್ಮಾ ಒಂಬತ್ತು ವರ್ಷಗಳ ಸಭೆಯ ನಡಾವಳಿಗಳನ್ನು ಅಳಿಸಿದಳು. ಎಲ್ಲವೂ ಅಳಿದ ಮೇಲೆ ಜಾಲತಾಣ ತೆರೆದು ನೋಡಿದರೆ, ಇಪ್ಪತ್ತು ಮಂದಿಯೂ ಮೊದಲಿನಂತೆಯೇ ಸತ್ತಿದ್ದರು. ಇಷ್ಟರಲ್ಲಿ ಪರ್ತ್‌ನಲ್ಲಿದ್ದ ಐವರ್‌ನ ತಂಗಿ ವಿಮಾನ ಹತ್ತಿದ್ದಳು.

ಹತ್ತೂವರೆಗೆ ಕ್ಲಬ್ಬಿನ ಫೋನು ರಿಂಗಾಯಿತು. ಅಷ್ಟು ಹೊತ್ತಿಗೆ ಮೃತರಲ್ಲಿ ಹದಿನಾಲ್ಕು ಮಂದಿ ಅಲ್ಲಿ ನೆರೆದು, ಲಯನಲ್‌ನನ್ನು ಟೀ ಹಂಡೆಯ ಮೂಲೆಗೆ ಒತ್ತರಿಸಿ ನಿಂತಿದ್ದರು. ಕರೆ ಮಾಡಿದವನು ಪುರಸಭೆಯ ಭೂಮಿ ವಿಭಾಗದ ಅಧಿಕಾರಿ ಕ್ರಿಸ್ಪಿನ್ ವೇಕ್‌ಹ್ಯಾಮ್. ಇದೇ ಊರಿನವನು; ಅವನ ತಂದೆ ಉತ್ತರದ ಗೋಡೆಯಲ್ಲಿ ಎಡದಿಂದ ಮೂರನೆಯವನು. ನೋರ್ಮಾ ಎಲ್ಲರಿಗೂ ಕೇಳಿಸುವಂತೆ ಫೋನಿನ ಧ್ವನಿ ಹೆಚ್ಚಿಸಿದಳು.

"ನೋರ್ಮಾ ಹ್ಯಾಗರ್ಟಿಯವರ ಮನೆಯವರು ಯಾರಾದ್ರೂ ಇದ್ದಾರಾ?"

"ನೋರ್ಮಾನೇ ಮಾತಾಡ್ತಿದ್ದೀನಿ."

"ದಯವಿಟ್ಟು ಇಂಥ ಸಮಯದಲ್ಲಿ ತಮಾಷೆ ಮಾಡ್ಬೇಡಿ."

"ಕ್ರಿಸ್ಪಿನ್, ನಾಲ್ಕನೇ ಕ್ಲಾಸಲ್ಲಿ ನಿನ್ನ ಕಿವಿ ಹಿಂಡಿದ್ದು ನೆನಪಿದೆಯಾ? ಈಗಲೂ ಬಂದು ಹಿಂಡ್ತೀನಿ."

"ಓಹ್, ಟೀಚರ್! ಹಾಗಾದ್ರೆ ನೀವು ಬದುಕಿದ್ದೀರಿ. ಸಂತೋಷ. ಆದರೆ ಕಚೇರಿಗೆ ಅದು ಸಾಲದು. ಜಾಲತಾಣವೇ ನಮ್ಮ ಜೀವಂತಿಕೆಗೆ ಸಾಕ್ಷಿ ಅಂತ ನೀವೇ ಅರ್ಜಿಯಲ್ಲಿ ಬರೆದಿದ್ದೀರಿ. ಸಾಕ್ಷಿ ನೋಡಿದ್ರೆ ಒಬ್ಬರೂ ಉಳಿದಿಲ್ಲ. ನಾವು ಇಲ್ಲಿ ಎದ್ದು ನಿಂತು ಮೂರು ನಿಮಿಷ ಮೌನ ಆಚರಿಸಿದೆವು. ಆ ಮೂರು ನಿಮಿಷಕ್ಕೆ ಈಗ ನಾನು ಏನಂತ ಬರೀಲಿ?"

"ಗುರುವಾರದೊಳಗೆ ಸರಿ ಮಾಡ್ತೀವಿ."

"ಗುರುವಾರ ನಾಲ್ಕು ಗಂಟೆಗೆ ನಾನೇ ಬರ್ತೀನಿ, ಟೀಚರ್. ನನ್ನ ಫೋನಿನಲ್ಲೇ ನೋಡ್ತೀನಿ. ಇಪ್ಪತ್ತೂ ಬಣ್ಣದಲ್ಲಿರಬೇಕು. ಒಂದು ಕಮ್ಮಿಯಾದರೂ ಜಲ್ಲಿನೇ; ಲಾರಿಗೆ ಶುಕ್ರವಾರಕ್ಕೆ ಹೇಳಿಯಾಗಿದೆ."

ಫೋನು ಕೆಳಗಿಟ್ಟ ನೋರ್ಮಾ ಮೂಲೆಯ ಕಡೆ ತಿರುಗಿದಳು. "ಗಣಿ ಕುಸಿದಾಗಲೂ ಒಂದೇ ದಿನ ಇಷ್ಟು ಜನ ಹೋಗಿರ್ಲಿಲ್ಲ, ಲಯನಲ್."

"ನಮ್ಮನೇಲಿ ಬಣ್ಣ ಬರ್ತಿದೆ," ಎಂದನು ಲಯನಲ್, ಬಹಳ ಸಣ್ಣ ಧ್ವನಿಯಲ್ಲಿ.

"ಹಾಗಾದ್ರೆ ನಾವೆಲ್ಲ ನಿಮ್ಮನೇಲೇ ಬಂದು ಬದುಕ್ತೀವಿ ಬಿಡು," ಎಂದನು ಐವರ್.

ಆಸ್ಪತ್ರೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು; ಸೀಸದ ತಗಡಿನಂತೆ ಬಿದ್ದುಕೊಂಡಿತ್ತು. ಏಳು ವಾರಗಳಿಂದ ಸೂರ್ಯನನ್ನು ಕಂಡವರಿರಲಿಲ್ಲ. ಲಯನಲ್ ಒಳಗೆ ಹೋದಾಗ ಮರ್ವ್ ದಿಂಬಿಗೆ ಒರಗಿ, ಹೆಂಡತಿಯ ಫೋನು ಹಿಡಿದುಕೊಂಡು, ನಗುವುದಕ್ಕೂ ಕೆಮ್ಮುವುದಕ್ಕೂ ನಡುವಿನ ಏನನ್ನೋ ಮಾಡುತ್ತಿದ್ದನು. ಬೆರಿಲ್ ಪಕ್ಕದಲ್ಲಿ ನೂಲು ಹೆಣೆಯುತ್ತ ಕುಳಿತಿದ್ದಳು.

"ಹುಲ್ಲು ಹೇಗಿದೆಯೋ?"

"ಚೆನ್ನಾಗಿದೆ ಕಣೋ."

"ನಾನು ಹೇಗಿದ್ದೀನಿ ನೋಡು." ಮರ್ವ್ ಫೋನನ್ನು ಅವನ ಕಡೆ ತಿರುಗಿಸಿದನು. "ಜೀವಮಾನದಲ್ಲಿ ಮೊದಲ ಸಲ ನೀನು ಹೊತ್ತಿಗೆ ಮುಂಚೆ ಕೆಲಸ ಮುಗಿಸಿದ್ದೀಯ."

ಆಗ ಲಯನಲ್ ತನ್ನ ಕೃತಿಯನ್ನು ಮೊದಲ ಬಾರಿಗೆ ಫೋನಿನಲ್ಲಿ ನೋಡಿದನು. ಇಪ್ಪತ್ತು ಬೂದು ಮುಖಗಳು, ಉತ್ತರದ ಗೋಡೆಯೇ ಅಂಗೈಗೆ ಇಳಿದು ಬಂದಂತೆ. ಅವನು ಪರದೆಯನ್ನು ಆಚೆ ಈಚೆ ವಾಲಿಸಿ ಹುಡುಕಿದನು.

"ಬಾಣ ಎಲ್ಲಿ?"

"ಯಾವ ಬಾಣ?"

"ಬಾಣ ಕಣೋ! ಮೌಸಿನದು. ಅದು ಮೇಲೆ ಬಂದ್ರೆ ತಾನೇ ಬಣ್ಣ ಬರೋದು!"

ಮರ್ವ್ ಗೆಳೆಯನನ್ನು ಬಹಳ ಹೊತ್ತು ಕನಿಕರದಿಂದ ನೋಡಿದನು. "ದಡ್ಡ ಶಿಖಾಮಣಿ, ಫೋನಿಗೆಲ್ಲಿಯ ಮೌಸು? ಇಲ್ಲಿ ಇರೋದು ಬೆರಳು." ತನ್ನ ತೆಳ್ಳಗಿನ ಬೆರಳನ್ನು ತನ್ನದೇ ಚಿತ್ರದ ಮೇಲಿಟ್ಟನು. ಏನೂ ಆಗಲಿಲ್ಲ. "ನೋಡು, ನನ್ನ ಬೆರಳು ಅದಕ್ಕೂ ಗೊತ್ತಾಗದಷ್ಟು ತಣ್ಣಗಾಗಿದೆ."

"ಸುಮ್ನಿರ್ರೀ," ಎಂದಳು ಬೆರಿಲ್, ಹೆಣಿಗೆಯಿಂದ ಕಣ್ಣೆತ್ತದೆ.

ಲಯನಲ್‌ನ ಕಿವಿಯಲ್ಲಿ ಇನ್ನೂರ ಹದಿಮೂರನೆಯ ಪುಟದ ಶೀರ್ಷಿಕೆ ಗಂಟೆಯಂತೆ ಮೊಳಗಿತು. ಅವನು ಟೋಪಿ ಎತ್ತಿಕೊಂಡು ಹೊರಟನು.

"ಲಯನಲ್. ಎಲ್ಲರಿಗೂ ಬಣ್ಣ ಕೊಡು, ನಂದನ್ನ ಮಾತ್ರ ಹಾಗೇ ಬಿಡು. ಎರಡು ದಿನಕ್ಕೋಸ್ಕರ ಎರಡೆರಡು ಸಲ ಯಾಕೆ ಕೆಲಸ?"

"ಇಪ್ಪತ್ತು ಬೇಕು ಮರ್ವ್. ನೀನಿಲ್ಲದೆ ಹತ್ತೊಂಬತ್ತು." ಲಯನಲ್ ಬಾಗಿಲ ಹಿಡಿಯನ್ನು ನೋಡುತ್ತ ಹೇಳಿದನು. "ಗುರುವಾರ ನಾಲ್ಕು ಗಂಟೆ ತನಕ. ಇಲ್ದಿದ್ರೆ ಹುಲ್ಲಿನ ಮೇಲೆ ಜಲ್ಲಿ ಹಾಕ್ತಾರೆ."

ಮರ್ವ್ ಕಿಟಕಿಯ ಕಡೆ ಮುಖ ತಿರುಗಿಸಿದನು.

"ಗುರುವಾರ ನಾಲ್ಕು," ಎಂದನು. "ಸರಿ, ನೋಡ್ತೀನಿ. ಬೇರೆ ಕೆಲಸ ಏನಿದೆ ನಂಗೆ."

ಬುಧವಾರ ಲಯನಲ್ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಗುರುತಿಟ್ಟ ಪುಟಗಳನ್ನು ಓದಿದನು. ಡೋರೀನಳ ಫೋನನ್ನು ಕಂಪ್ಯೂಟರಿನ ಪಕ್ಕಕ್ಕೆ ಒರಗಿಸಿಟ್ಟುಕೊಂಡು, ಒಂದೊಂದು ಸಾಲು ತಿದ್ದಿದಾಗಲೂ ಎರಡನ್ನೂ ನೋಡಿದನು. ಆ ಒಂದು ಸಾಲನ್ನು ತೆಗೆದರೆ ಕೆಲಸ ಮುಗಿಯುತ್ತಿತ್ತು. ಆದರೆ ಕಲಾವಿದನಿಗೆ ತೆಗೆಯುವುದೆಂದರೆ ಸೋಲು. ಹಾಗಾಗಿ ಇನ್ನೂ ಮೂರು ಸಾಲು ಸೇರಿಸಿದನು. ಚಿತ್ರಗಳು ಫೋನಿನ ಅಗಲಕ್ಕೆ ಹಿಗ್ಗಿ, ನೋರ್ಮಾಳ ಮೂಗಿನ ಎಡಹೊಳ್ಳೆಯೊಂದೇ ಪರದೆಯನ್ನೆಲ್ಲ ಆವರಿಸಿತು.

"ಈಗ ಟೀಚರ್ ಬದುಕಿರೋದಂತೂ ಗ್ಯಾರಂಟಿ," ಎಂದಳು ಡೋರೀನ್. "ಉಸಿರಾಡೋ ಜಾಗ ಅಷ್ಟು ಸ್ಪಷ್ಟವಾಗಿ ಕಾಣ್ತಿದೆ. ರೀ, ತೆಗೆದುಬಿಡ್ರೀ ಆ ಹಾಳು ಸಾಲನ್ನ."

ಅವನು ನಾಲ್ಕೂ ಸಾಲುಗಳನ್ನು ತೆಗೆದನು. ಹೊಳ್ಳೆ ಮೂಗಾಯಿತು, ಮೂಗು ಮುಖವಾಯಿತು, ಇಪ್ಪತ್ತು ಮುಖಗಳಿಗೂ ಬಣ್ಣ ಬಂತು. ಆಸ್ಪತ್ರೆಯಿಂದ ಬೆರಿಲ್ ಕರೆ ಮಾಡಿ, "ಇವತ್ತು ಎರಡು ಚಮಚ ಸೂಪು ಕುಡಿದ್ರು. ಅದೂ ನಿನ್ನ ಗುರುವಾರಕ್ಕೋಸ್ಕರ," ಎಂದಳು.

ಗುರುವಾರ ಮೂರೂವರೆಗೆ ಹತ್ತೊಂಬತ್ತು ಸದಸ್ಯರೂ ಬಿಳಿಯ ಆಟದುಡುಪು ತೊಟ್ಟು, ಕ್ಲಬ್ಬಿನಲ್ಲಿ ಸಾಲಾಗಿ ಕುಳಿತಿದ್ದರು. ಐವರ್‌ನ ತಂಗಿಯೂ ಇದ್ದಳು; ಅಂತ್ಯಕ್ರಿಯೆಗೆಂದು ತಂದ ಕರಿಯ ಬಟ್ಟೆಯನ್ನು ಬಿಟ್ಟರೆ ಅವಳ ಬಳಿ ಬೇರೆ ಉಡುಪಿರಲಿಲ್ಲ. ಕ್ರಿಸ್ಪಿನ್ ವೇಕ್‌ಹ್ಯಾಮ್ ಹೊತ್ತಿಗೆ ಮೊದಲೇ ಬಂದನು. ಉತ್ತರದ ಗೋಡೆಯ ಮೂರನೆಯ ಚಿತ್ರಕ್ಕೆ ತಲೆಬಾಗಿ, ಮೇಜಿನ ಮೇಲೆ ಕಾಗದ ಹರಡಿ, ಫೋನು ತೆಗೆದನು.

"ಪರಿಶೀಲನೆ ನಾಲ್ಕಕ್ಕೆ. ಅಲ್ಲಿವರೆಗೆ ಸುಮ್ನೆ ಎಣಿಸಿರ್ತೀನಿ," ಎಂದು ಹೆಸರು ಓದಲಾರಂಭಿಸಿದನು. ಹೆಸರಿಗೊಬ್ಬರಂತೆ ಜನ ಎದ್ದು ನಿಂತರು. ಹತ್ತು. ಹದಿನೈದು. ಹತ್ತೊಂಬತ್ತು. "ಇಪ್ಪತ್ತು, ಮರ್ವ್ ಸ್ಕಾಟನ್. ಬಣ್ಣದಲ್ಲಿದ್ದಾರೆ."

ಆ ಕ್ಷಣದಲ್ಲಿ ಲಯನಲ್‌ನ ಜೇಬಿನಲ್ಲಿ ಫೋನು ರಿಂಗಾಯಿತು.

ಆ ಸಂಖ್ಯೆ ಇಬ್ಬರಿಗೇ ಗೊತ್ತೆಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬಳು, ಡೋರೀನ್, ಅವನ ಪಕ್ಕದಲ್ಲೇ ನಿಂತಿದ್ದಳು. ಫೋನು ರಿಂಗಾಗುತ್ತಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಐವತ್ತೆರಡು ನಿಮಿಷ. ಲಯನಲ್‌ನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು.

ಕ್ರಿಸ್ಪಿನ್ ಆ ಜೇಬನ್ನು ನೋಡಿದನು. ಆಮೇಲೆ ಕಿಟಕಿಯಾಚೆಯ ಹುಲ್ಲನ್ನು ನೋಡಿದನು. ಆಮೇಲೆ ತನ್ನ ಕೈಗಡಿಯಾರವನ್ನು ನೋಡಿದನು.

"ನನ್ನ ಗಡಿಯಾರದಲ್ಲಿ ನಾಲ್ಕಾಗಿದೆ," ಎಂದನು. "ಗೋಡೇದು ಹಿಂದಿದೆಯಾ, ಟೀಚರ್?"

ಅರ್ಧ ನಿಮಿಷ ತಡವಾಗಿ ಬಂದವರನ್ನು ನಲವತ್ತು ವರ್ಷ ಬಾಗಿಲಲ್ಲೇ ನಿಲ್ಲಿಸಿದ್ದ ನೋರ್ಮಾ ಹ್ಯಾಗರ್ಟಿ, ಕುರ್ಚಿ ಹತ್ತಿ, ನಿಮಿಷದ ಮುಳ್ಳನ್ನು ಬೆರಳಿನಿಂದ ಹನ್ನೆರಡಕ್ಕೆ ತಳ್ಳಿದಳು. "ಯಾವಾಗಲೂ ಹಿಂದೇ," ಎಂದಳು.

ಕ್ರಿಸ್ಪಿನ್ ಸಹಿ ಹಾಕಿದನು. ಫೋನು ರಿಂಗಾಗುವುದು ನಿಂತಿತು.

ಲಯನಲ್ ಹೊರಗೆ ಹುಲ್ಲಿನ ಅಂಚಿಗೆ ಹೋಗಿ ತಿರುಗಿ ಕರೆ ಮಾಡಿದನು. ಬೆರಿಲ್ ಅಳುತ್ತಿರಲಿಲ್ಲ.

"ಆಗಾಗ ಗಂಟೆ ಎಷ್ಟು ಅಂತ ಕೇಳ್ತಾನೇ ಇದ್ರು ಕಣೋ. ಬಹಳ ಕಷ್ಟಪಡ್ತಿದ್ರು. ನೋಡೋಕಾಗ್ಲಿಲ್ಲ. ನಾಲ್ಕಾಯ್ತು ಅಂದ್ಬಿಟ್ಟೆ. 'ಸರಿ ಹಾಗಾದ್ರೆ' ಅಂದ್ರು. ಸುಳ್ಳು ಹೇಳ್ಬಿಟ್ಟೆ, ಲಯನಲ್. ಹುಲ್ಲು ಹೋಯ್ತಾ?"

"ಇಲ್ಲ ಬೆರಿಲ್. ಇಲ್ಲೂ ನಾಲ್ಕೇ ಆಗಿತ್ತು."

ಎರಡು ವಾರಗಳ ನಂತರ ಮರ್ವ್‌ನ ಚಿತ್ರ ಉತ್ತರದ ಗೋಡೆಯೇರಿತು. ಜಾಲತಾಣದಲ್ಲಿಯೂ ಪದ್ಧತಿ ತಪ್ಪಬಾರದೆಂದು ನೋರ್ಮಾ ಅಪ್ಪಣೆ ಮಾಡಿದಳು. ಲಯನಲ್ ಆ ಹಳೆಯ ಸಾಲನ್ನು ಹುಡುಕಿ ತೆಗೆದು, ಒಬ್ಬನಿಗಷ್ಟೇ ತಗಲುವಂತೆ ಬರೆದನು. ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಮೂರು ದಿನ ಹಿಡಿಯಿತು. ಬೆರಳಿಟ್ಟರೆ ಫೋನು ಮಧ್ಯೆ ಬಂದು 'ಈ ಚಿತ್ರವನ್ನು ಉಳಿಸಬೇಕೇ?' ಎಂದು ಕೇಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಇನ್ನೂ ಎರಡು ದಿನ ಬೇಕಾಯಿತು. ಈ ಬಾರಿ ಊರಿನಲ್ಲಿದ್ದ ಪ್ರತಿಯೊಂದು ಫೋನಿನಲ್ಲೂ ನೋಡಿದ ಮೇಲೆಯೇ ಅವನು ಬೆರಿಲಳ ಮನೆಗೆ ಹೋದನು.

ಅವಳು ಇಬ್ಬರಿಗೂ ಟೀ ಸುರಿದಳು. ಅವನು ಪುಟವನ್ನು ತೆರೆದು ಅವಳ ಮುಂದಿಟ್ಟನು.

"ಬೆರಳಿಟ್ಟು ನೋಡು."

ಬೆರಿಲ್ ಬಲಗೈಯ ತೋರುಬೆರಳನ್ನು ಆ ಬೂದು ಮುಖದ ಮೇಲಿಟ್ಟಳು. ಮೆಲ್ಲನೆ ತುಟಿಗೆ ಕೆಂಪು ಬಂತು, ಕಣ್ಣಿಗೆ ನೀಲಿ ಬಂತು, ಹಿಂದಿನ ಹುಲ್ಲಿಗೆ ಹಸಿರು ಬಂತು.

"ತೆಗೆದ್ರೆ?"

"ತೆಗೆದ್ರೆ ಮತ್ತೆ ಮೊದಲಿನಂತೆ."

ಅವಳು ತಲೆಯಾಡಿಸಿದಳು. ಅಂದು ಟೀಯನ್ನು ಎಡಗೈಯಲ್ಲೇ ಕುಡಿದಳು.